ಮೊಲದ ಸೀಸೆ

ಹೇರೋಹಳ್ಳಿ
14-9-2003, ಭಾನುವಾರ

ಈ ಕಾಗದ ಒಡೆದು ಓದುತ್ತಿರುವವಳು ಕೀರ್ತನಾ ಅಲ್ಲದೆ ಹಾಸ್ಟೆಲಿನ ಬೇರೆ ಯಾವಳಾದರೂ ಆಗಿದ್ದರೆ, ನಾಚಿಕೆಗೆಟ್ಟವಳೇ, ಇಲ್ಲಿಗೇ ನಿಲ್ಲಿಸಿ ಮಡಿಚಿ ಅವಳ ಕೈಗೆ ಕೊಡು. ಕೀರ್ತನಾ ಆಗಿದ್ದರೆ ನಿನಗೆ ಇನ್ನೂ ಹೆಚ್ಚು ನಾಚಿಕೆಯಾಗಬೇಕು. ಗೌರಿ ಹಬ್ಬಕ್ಕೆ ಬಂದು ಹೋದವಳು, ಹೋಗಿ ಹದಿಮೂರು ದಿನವಾಯಿತು. ಕೈಗೆ ಲಕ್ವ ಹೊಡೆದಿದೆಯಾ? ಹೈದರಾಬಾದಿನಲ್ಲಿ ಪೋಸ್ಟ್ ಡಬ್ಬ ಇಲ್ಲವಾ? ಫೋನ್ ಮಾಡಿದ್ದೆ ಅನ್ನಬೇಡ. ನನ್ನ ಎಡಗಿವಿ ಹೋಗಿ ಆರು ವರ್ಷ. ಬಲಗಿವಿಯಲ್ಲಿ ನಿನ್ನ ಮಾತು ಜೀರುಂಡೆ ಕೂಗಿದ ಹಾಗೆ ಕೇಳುತ್ತದೆ. ಮೂರನೇ ಕ್ಲಾಸಿನ ತನಕ ಮೇಷ್ಟ್ರ ಕೈಲಿ ಏಟು ತಿಂದು ಅಕ್ಷರ ಕಲಿತಿದ್ದೇನೆ. ತಾಯಿಯಿಲ್ಲದ ನಿನ್ನನ್ನು ಸಾಕಿ ಪಿಎಚ್.ಡಿ. ತನಕ ಓದಿಸಿದ್ದೇನೆ. ಒಂದು ಇನ್‌ಲ್ಯಾಂಡ್ ಬರೆಯಲು ನಿನಗೆ ಮುಹೂರ್ತ ಬೇಕು.

ಇಲ್ಲಿ ರಸ್ತೆ ಮತ್ತೆ ಅಗೆದಿದ್ದಾರೆ. ನಿನ್ನ ಅರುಣ್ ಕುಮಾರ ಮೊನ್ನೆ ವಿಜಯನಗರದಿಂದ ಕಾಲೇಜಿನ ಪಾಠ ಮುಗಿಸಿಕೊಂಡು ನನ್ನ ನೋಡಲು ಬಂದಿದ್ದ. ಸ್ಕೂಟರ್ ಗುಂಡಿಗಿಳಿದು ಪ್ಯಾಂಟೆಲ್ಲ ಕೆಸರು. "ಅಜ್ಜಿ, ಫೆಬ್ರವರೀಲಿ ನಮ್ಮ ದಿಬ್ಬಣ ದೋಣೀಲೇ ಬರಬೇಕಾಗತ್ತೆ" ಅಂದ. "ಈಜು ಕಲ್ತ್ಕೊಂಡ್ ಬಾರಪ್ಪ" ಅಂದೆ. ನಕ್ಕ. ಒಳ್ಳೆಯ ಹುಡುಗ. ನಿನ್ನ ಬಾಯಿಗೆ ತಡೆದುಕೊಂಡಾನು.

ನಿನ್ನ ಮೊಲದ ಸೀಸೆ ನೆಟ್ಟಗೆ ಹೋಗಿ ಸೇರಿತಾ? ರೈಲಿನಲ್ಲಿ ಐಸು ಕರಗಿತಾ? ಕೆಟ್ಟಿದ್ದರೆ ಕೆಟ್ಟಿತು ಅಂತ ಬರಿ. ರೈಲಿನವರನ್ನು ಇಬ್ಬರೂ ಸೇರಿ ಬೈಯೋಣ.

ಮುನಿತಾಯಮ್ಮ


ಹೈದರಾಬಾದ್
28-9-2003

ಪ್ರೀತಿಯ ಅಜ್ಜಿ,

ಬೈದದ್ದು ಸಾಕು, ನನ್ನ ರೂಮಿನವಳು ನಿಜವಾಗಿಯೂ ಒಡೆದು ಓದಿಬಿಟ್ಟಳು. ಆಮೇಲೆ ಎರಡು ದಿನ ನನ್ನ ಮುಖ ನೋಡಿದಾಗಲೆಲ್ಲ ನಗುತ್ತಿದ್ದಳು.

ಸೀಸೆ ಕ್ಷೇಮ. ಐಸು ಒಂದು ಚೂರೂ ಕರಗಿರಲಿಲ್ಲ. ನೀನು ಬಾಡಿಗೆ ಮನೆಯ ಪಾರವ್ವನ ಮುಂದೆ ಅದನ್ನು ಮೊಲದ ರಕ್ತ ಅಂದೆಯಂತೆ. ರಕ್ತವಲ್ಲ ಅಜ್ಜಿ. ಇನ್ನೊಂದು ಸಲ ಹೇಳುತ್ತೇನೆ ಕೇಳು. ನಮ್ಮ ಮೈಯ ಒಂದೊಂದು ಜೀವಕೋಶದಲ್ಲೂ ಡಿಎನ್‌ಎ ಅನ್ನುವ ನೂಲಿದೆ. ಅದು ದಿನವೂ ಅಲ್ಲಲ್ಲಿ ಹರಿಯುತ್ತದೆ. ಹರಿದ ಕಡೆಗೆ ಒಂದು ಪ್ರೋಟೀನು ಕಾವಲುಗಾರನ ಹಾಗೆ ಓಡಿ ಬಂದು, ಹೊಲಿಯುವವರನ್ನು ಕೂಗಿ ಕರೆಯುತ್ತದೆ. ಕಾವಲುಗಾರ ಇಲ್ಲದಿದ್ದರೆ ಹರಕು ಹರಕಾಗಿಯೇ ಉಳಿದು ಗೆಡ್ಡೆಯಾಗಬಹುದು. ಆ ಕಾವಲುಗಾರನ ಒಂದು ಚೂರನ್ನು ಮೊಲಕ್ಕೆ ಚುಚ್ಚಿದರೆ, ಅವನೊಬ್ಬನನ್ನೇ ಹುಡುಕಿ ಹಿಡಿಯುವ ವಸ್ತುವೊಂದು ಮೊಲದ ರಕ್ತದಲ್ಲಿ ಹುಟ್ಟುತ್ತದೆ. ಅದನ್ನು ಸೋಸಿ ತೆಗೆದದ್ದೇ ಆ ಸೀಸೆಯಲ್ಲಿರುವ ಆಂಟಿಬಾಡಿ. ಈರುಳ್ಳಿ ಸಿಪ್ಪೆಗಿಂತ ತೆಳ್ಳಗೆ ಸೀಳಿದ ಮಾಂಸದ ಮೇಲೆ ಅದನ್ನು ಹಾಕಿ, ಬಣ್ಣ ಬರಿಸುತ್ತೇವೆ. ಕಾವಲುಗಾರ ಇದ್ದ ಕಡೆ ಕಂದು ಚುಕ್ಕೆ ಕಾಣುತ್ತದೆ. ಇದು ಅಂಗಡಿಯಲ್ಲಿ ಸಿಗುವುದಲ್ಲ. ಬೆಂಗಳೂರಿನ ಸಭೆಗೆ ಬಂದಿದ್ದ ವಿದೇಶದ ವಿಜ್ಞಾನಿಯೊಬ್ಬರು ತಮ್ಮ ಲ್ಯಾಬಿನದನ್ನು ಕೈಯಲ್ಲೇ ತಂದುಕೊಟ್ಟರು. ಹಬ್ಬದ ರಜೆ ಅಂತ ಅಲ್ಲಿ ಎಲ್ಲ ಬೀಗ ಹಾಕಿದ್ದರಿಂದ ಎರಡು ದಿನ ನಿನ್ನ ಫ್ರಿಜ್ಜೇ ಗತಿಯಾಯಿತು.

ಈಗ ಇನ್ನೊಂದು ವಿಷಯ. ಅಪ್ಪನಿಗೆ ಹೇಳಬೇಡ. ಅಮ್ಮನಿಗೆ ಆಪರೇಷನ್ ಆದ ಆಸ್ಪತ್ರೆಯಲ್ಲಿ ಅವಳ ಎದೆಯಿಂದ ತೆಗೆದದ್ದರಲ್ಲಿ ಉಗುರಿನಷ್ಟನ್ನು ಮೇಣದಲ್ಲಿ ಅಚ್ಚು ಹಾಕಿ ಇಟ್ಟಿದ್ದಾರೆ. ಏಳು ವರ್ಷದಿಂದ ಅಲ್ಲೇ ಇದೆ. ಅನುಮತಿ ಪಡೆದು ತರಿಸಿಕೊಂಡಿದ್ದೇನೆ. ಹೊಸ ಸೀಸೆಯಲ್ಲಿ ಮೊದಲು ನೋಡುವುದು ಅಮ್ಮನದನ್ನೇ.

ನಾನು ಬಸವೇಶ್ವರನಗರಕ್ಕೆ ಅಪ್ಪನ ಮನೆಗೆ ಹೋಗಿದ್ದ ದಿನ ಫ್ರೀಜರಿನ ಬಾಗಿಲು ಯಾರೂ ತೆಗೆಯಲಿಲ್ಲ ತಾನೆ? ಲ್ಯಾಬಿನ ಪುಸ್ತಕದಲ್ಲಿ ಬರೆಯಬೇಕು, ಅದಕ್ಕೆ ಕೇಳಿದೆ.

ನಿನ್ನ
ಕೀರ್ತನಾ


ಹೇರೋಹಳ್ಳಿ
12-10-2003

ಕೀರ್ತನಾ,

ನಿನ್ನ ಕಾಗದ ಎರಡು ಸಲ ಓದಿದೆ. ಅಕ್ಷರ ತಪ್ಪಾಗಿ ಕೂಡಿಸಿಕೊಂಡೆನೇನೋ ಅಂತ ಕನ್ನಡಕ ಒರೆಸಿಕೊಂಡು ಮೂರನೇ ಸಲ ಓದಿದೆ.

ನಿಮ್ಮಮ್ಮನನ್ನು ನಾನು ಪೂರ್ತಿ ಕಳಿಸಿಕೊಟ್ಟೆ ಅಂದುಕೊಂಡಿದ್ದೆನಲ್ಲೇ. ಹನ್ನೊಂದನೇ ದಿನ ಮಾಡಿದೆವು, ವರ್ಷದ್ದು ಮಾಡಿದೆವು. ಮೊನ್ನೆ ಪಕ್ಷದಲ್ಲಿ ಕಜ್ಜಾಯ ಮಾಡಿ ಎಡೆ ಇಟ್ಟು, ಯಶೋದೆ ಬಾರವ್ವ ಅಂತ ಕರೆದೆ. ಅವಳ ಒಂದು ಚೂರು ಆಸ್ಪತ್ರೆ ಕಪಾಟಿನಲ್ಲಿ ನಂಬರು ಅಂಟಿಸಿಕೊಂಡು ಕೂತಿದೆ ಅಂತ ಯಾರೂ ನನಗೆ ಹೇಳಲಿಲ್ಲ. ಎಡೆಯನ್ನು ನಾನು ಯಾವ ದಿಕ್ಕಿಗೆ ಇಡಬೇಕಿತ್ತು?

ನೋಡು. ನೋಡಬೇಡ ಅಂದರೆ ಕೇಳುವವಳಲ್ಲ ನೀನು. ಆದರೆ ಅದನ್ನು ಸೀಳುವಾಗ ಜೊತೆಯವರೊಡನೆ ಹಲ್ಲು ಕಿಸಿಯುತ್ತ ಸೀಳಬೇಡ. ನಿನ್ನ ಹಡೆದವಳು ಅದು.

ಬಾಗಿಲು ತೆಗೆದರಾ ಅಂತ ಕೇಳಿದ್ದೀಯ. ಅಲ್ಲವೇ, ನಾನೇನು ಬೆಕ್ಕಾ, ಮನೆಯಲ್ಲಿ ಯಾರೂ ಇಲ್ಲದಾಗ ಫ್ರಿಜ್ಜಿಗೆ ಬಾಯಿ ಹಾಕಲು? ನಿನ್ನನ್ನು ಹತ್ತೊಂಬತ್ತನೇ ವಯಸ್ಸಿನಿಂದ ಕಾದವಳಿಗೆ ಒಂದು ಸೀಸೆ ಕಾಯಲು ಬರುವುದಿಲ್ಲವಾ? ಪುಸ್ತಕದಲ್ಲಿ ಏನು ಬೇಕೋ ಬರೆದುಕೋ.

ಮುನಿತಾಯಮ್ಮ


ಹೈದರಾಬಾದ್
20-11-2003

ಅಜ್ಜಿ,

ಬರೆಯಲು ಇಷ್ಟು ದಿನ ಹಿಡಿಯಿತು. ಬೈಯಬೇಡ.

ಅಮ್ಮನಲ್ಲಿ ಕಾವಲುಗಾರ ಇಲ್ಲ.

ಲ್ಯಾಬಿನಲ್ಲಿದ್ದ ಹಳೆಯ ಸೀಸೆ ಖಾಲಿಯಾಗುವ ಮುಂಚೆ ಅದರಲ್ಲಿ ಬೇರೆ ಹನ್ನೊಂದು ಹೆಂಗಸರದ್ದನ್ನು ನೋಡಿದ್ದೆ. ಎಲ್ಲರಲ್ಲೂ ಅಷ್ಟಿಷ್ಟು ಕಂದು ಚುಕ್ಕೆ ಇತ್ತು. ಅಮ್ಮನದನ್ನು ಹೊಸ ಸೀಸೆಯಿಂದ ಐದು ಸಲ ಮಾಡಿದೆ. ಬೆಳ್ಳಗೆ, ಖಾಲಿ. ಗೆಡ್ಡೆಯಲ್ಲಿ ಇಲ್ಲದಿದ್ದರೆ ಕಾಯಿಲೆ ತಿಂದಿದೆ ಅನ್ನಬಹುದಿತ್ತು. ಪಕ್ಕದ ಒಳ್ಳೆಯ ಮಾಂಸದಲ್ಲೂ ಇಲ್ಲ. ಅಂದರೆ ಹುಟ್ಟಿನಿಂದಲೇ ಇರಲಿಲ್ಲ. ತಂದೆಯ ಕಡೆಯಿಂದಲೋ ತಾಯಿಯ ಕಡೆಯಿಂದಲೋ ಬಂದಿರಬೇಕು. ತಾತನ ಮನೆಯ ಹೆಂಗಸರೆಲ್ಲ ತೊಂಬತ್ತು ದಾಟಿದವರು ಅಂತ ನೀನೇ ಹೇಳುತ್ತಿದ್ದೆ. ನಿನ್ನ ತಾಯಿ ಹೇಗೆ ಹೋದರು ಅಜ್ಜಿ? ಎದೆಯಲ್ಲಿ ಹುಣ್ಣಾಗಿತ್ತಾ? ನಿನ್ನ ಅಕ್ಕತಂಗಿಯರಿಗೆ? ಏನೂ ಮುಚ್ಚಿಡದೆ ಬರಿ.

ನನ್ನ ರಕ್ತವನ್ನೇ ತೆಗೆದು ನೋಡಬಹುದು. ಎರಡು ಸಲ ಸೂಜಿ ಕೈಗೆ ತೆಗೆದುಕೊಂಡು ಇಟ್ಟುಬಿಟ್ಟೆ. ಅರುಣ್‌ಗೆ ಎಲ್ಲ ಹೇಳಿಬಿಡಬೇಕು. ಮುಚ್ಚಿಟ್ಟು ಮದುವೆಯಾಗುವುದು ನನ್ನಿಂದಾಗದು.

ಕೀರ್ತನಾ


ಹೇರೋಹಳ್ಳಿ
1-12-2003

ಕೀರ್ತನಾ,

ನನ್ನ ತಾಯಿ ಸತ್ತದ್ದು ಹಾವು ಕಚ್ಚಿ. ದೊಡ್ಡಕ್ಕ ಬಾಣಂತನದಲ್ಲಿ ಹೋದಳು. ಚಿಕ್ಕವಳು ಇನ್ನೂ ಹೆಗ್ಗನಹಳ್ಳಿಯಲ್ಲಿ ಸೊಸೆಯರ ಜೀವ ತಿನ್ನುತ್ತ ಕಲ್ಲುಗುಂಡಿನ ಹಾಗಿದ್ದಾಳೆ. ಬರೆದುಕೊಂಡೆಯಾ? ಇನ್ನು ನಿನ್ನ ಪುಸ್ತಕ ಮುಚ್ಚು.

ಯಶೋದೆ ಹೋದ ದಿನ ನಿಮ್ಮಪ್ಪನ ತಾಯಿ ಹೆಣದ ಮುಂದೆ ನಿಂತು ಏನು ಅಂದಳು ನೆನಪಿದೆಯಾ? "ಹೊಟ್ಟೇಲೇ ಹುಳ ಇಟ್ಟು ಹೆತ್ತಿದ್ದಾಳೆ ಮಗಳನ್ನ" ಅಂದಳು. ಆವತ್ತು ಅವಳ ಸೆರಗು ಹಿಡಿದು ಜಗಳಕ್ಕೆ ನಿಂತವಳು ನೀನು. ಈಗ ಅದೇ ಮಾತನ್ನು ಇಂಗ್ಲಿಷಿನಲ್ಲಿ ಓದಿಕೊಂಡು ಬಂದು ನನಗೆ ಬರೆದಿದ್ದೀಯ.

ಒಂದು ಮಾತು ಕೇಳುತ್ತೇನೆ. ನಮ್ಮ ಹೊಲ ಸೈಟು ಆಗುವ ಮುಂಚೆ, ರಾಗಿ ಬಿತ್ತುವ ಕಾಲಕ್ಕೆ ನಿಮ್ಮ ತಾತ ಬೀಜದ ರಾಗಿಯಲ್ಲಿ ನೂರು ಕಾಳು ಎಣಿಸಿ ಒದ್ದೆ ಬಟ್ಟೆಯಲ್ಲಿ ಕಟ್ಟಿಡುತ್ತಿದ್ದರು. ಮೂರನೇ ದಿನ ಬಿಚ್ಚಿ, ಮೊಳಕೆ ಬಂದಿದ್ದರೆ ಮಾತ್ರ ಬಿತ್ತನೆ. ಬಾರದಿದ್ದರೆ ಬೀಜವನ್ನು ಬೈಯುತ್ತಿದ್ದರು, ಹೊಲವನ್ನಲ್ಲ. ನೀನು ಆ ಹೊಸ ಸೀಸೆಯನ್ನು ಹಾಗೆ ನೋಡಿದೆಯಾ? ಆ ಹನ್ನೊಂದು ಹೆಂಗಸರಲ್ಲಿ ಒಬ್ಬಳ ಮಾಂಸಕ್ಕಾದರೂ ಇದನ್ನು ಹಾಕಿ, ಚುಕ್ಕೆ ಬರುತ್ತದಾ ಅಂತ ನೋಡಿದೆಯಾ? ನೋಡು. ನೋಡುವ ತನಕ ಅರುಣನಿಗೆ ಒಂದಕ್ಷರ ಬರೆಯಬೇಡ. ನಾನು ಹೇಳುತ್ತಿದ್ದೇನೆ, ಬರೆಯಬೇಡ.

ಮುನಿತಾಯಮ್ಮ


ಹೈದರಾಬಾದ್
15-12-2003

ಅಜ್ಜಿಯವರಿಗೆ,

ನಿಮ್ಮ ಕಾಗದ ತಲುಪಿತು. ನೀವು ರಾಗಿ ಬೀಜದ ವಿಷಯ ಬರೆದಿದ್ದೀರಿ. ಇದು ರಾಗಿಯಲ್ಲ. ಒಂದೊಂದು ಹನಿಗೂ ಲೆಕ್ಕವಿದೆ. ಚುಕ್ಕೆ ಬರುತ್ತದೆಂದು ಗೊತ್ತಿರುವ ಮಾಂಸಕ್ಕೆ ಹಾಕಿ ಹನಿ ಕಳೆಯುವುದು ಬೇಡವೆಂದು ಬಿಟ್ಟೆ.

ನನ್ನ ಗೈಡ್ ಪಂಚಾಕ್ಷರಿ ಸರ್ ಕೂಡ ಇದನ್ನೇ ಕೇಳಿದರು. "ದಾರೀಲಿ ಎಲ್ಲಾದ್ರೂ ಹಾಳಾಗಿದ್ರೆ?" ಅಂದರು. ಸಾಧ್ಯವೇ ಇಲ್ಲ ಸರ್, ಅದನ್ನು ಕಾದವರು ನಮ್ಮಜ್ಜಿ, ನಾನು ಇಟ್ಟ ಜಾಗದಿಂದ ಕದಲಿಸಿಲ್ಲ ಅಂದೆ. ನಿಮ್ಮ ಮಾತಿನ ಮೇಲೆ ನನ್ನ ಮಾತು ಕೊಟ್ಟಿದ್ದೇನೆ. ಅವರು ಮತ್ತೆ ಕೇಳಲಿಲ್ಲ.

ನಿಮ್ಮ ಮನೆತನಕ್ಕೆ ಕಳಂಕ ಅಂತ ನಿಮಗೆ ಕೋಪ. ನನಗೆ ಇಪ್ಪತ್ತಾರು ವರ್ಷ ಅನ್ನುವುದು ನಿಮಗೆ ನೆನಪಿಲ್ಲ.

ಅರುಣ್‌ಗೆ ಮೊದಲೇ ಬರೆದಾಗಿತ್ತು. ಮನೆಯಲ್ಲಿ ಒಪ್ಪುತ್ತಿಲ್ಲ ಅಂತ ಎರಡು ಸಾಲು ಬಂದಿದೆ. ಜನವರಿ ಹತ್ತಕ್ಕೆ ಇಲ್ಲಿ ದೊಡ್ಡ ಸಭೆ. ಅಮ್ಮನ ಫಲಿತಾಂಶವನ್ನು ನಾನೇ ನಿಂತು ಹೇಳುತ್ತೇನೆ.

ಕೀರ್ತನಾ


ಹೇರೋಹಳ್ಳಿ
21-12-2003

ಕೀರ್ತನಾ,

ನನ್ನನ್ನು ನೀವು ಅಂದಿದ್ದೀಯ. ಹುಟ್ಟಿದಾಗಿನಿಂದ ಅಂದವಳಲ್ಲ. ಅನ್ನು. ಈ ಕಾಗದ ಓದಿದ ಮೇಲೆ ಏನು ಬೇಕಾದರೂ ಅನ್ನು.

ನಿನ್ನೆ ಅರುಣನ ತಾಯಿ ಅನಂತಲಕ್ಷ್ಮಿ ಬಂದಿದ್ದಳು, ನಿಶ್ಚಿತಾರ್ಥದ ಸೀರೆ ವಾಪಸು ಕೊಡಲು. ಒಳಗೆ ಬಾ ಅಂದರೆ ಬರಲಿಲ್ಲ. ಗೇಟಿನಲ್ಲೇ ನಿಂತು ನನಗೆ ಕೇಳಲಿ ಅಂತ ಬೀದಿಗೆಲ್ಲ ಕೇಳುವ ಹಾಗೆ ಕೂಗಿದಳು.

"ನಿಮ್ಮ ಹುಡುಗಿ ಪ್ರಾಮಾಣಿಕಳು ಕಣ್ರೀ, ತಾನೇ ಬರೆದಳು. ನೀವು ದೊಡ್ಡೋರು, ನಿಮಗೆ ಗೊತ್ತಿದ್ದೂ ಹೇಳಲಿಲ್ವಲ್ಲ."

"ಏನು ಗೊತ್ತಿತ್ತಮ್ಮ ನನಗೆ?"

"ನಿಮ್ಮ ಮನೆ ಹೆಣ್ಣುಮಕ್ಕಳಿಗೆ ಬರೋದು."

ನನ್ನ ಬಾಯಿ ನಿನಗೆ ಗೊತ್ತು. ನಿನ್ನೆ ಅದು ತೆರೆಯಲಿಲ್ಲ ಕಣೇ. ಗೊತ್ತಿದ್ದೂ ಹೇಳದೆ ಇದ್ದದ್ದು ನಿಜವಾಗಿತ್ತು. ಅವಳು ಅಂದುಕೊಂಡದ್ದು ಬೇರೆ, ಅಷ್ಟೆ.

ಗೌರಿ ಹಬ್ಬದ ಬೆಳಗ್ಗೆ ನೀನು ಅಪ್ಪನ ಮನೆಗೆ ಹೋದ ಮೇಲೆ ಫ್ರಿಜ್ ತೆಗೆದೆ. ಮುತ್ತೈದೆಯಾಗಿ ಹೋದ ಮಗಳ ಹೆಸರಿನಲ್ಲಿ ಪ್ರತಿ ವರ್ಷ ಬಾಗಿನ ಕೊಡುತ್ತೇನಲ್ಲ, ಈ ಸಲ ಬಾಡಿಗೆ ಮನೆಯ ಪಾರವ್ವನಿಗೆ ಅಂತ ಇತ್ತು. ಗೌರಮ್ಮನಿಗಿಟ್ಟ ಹಾಲು, ಬೆಣ್ಣೆ ಕೆಳಗೆ. ಅದರ ತಲೆಯ ಮೇಲೆ ನಿನ್ನ ಸೀಸೆ. ಮೊಲದ ರಕ್ತದಿಂದ ತೆಗೆದದ್ದು ಅಂತ ನೀನೇ ಅಂದಿದ್ದೆ. ನನಗೆ ತಡೆಯಲಾಗಲಿಲ್ಲ. ತೆಗೆದು, ನೀರಿನ ಮಡಕೆ ಕೆಳಗಿನ ಒದ್ದೆ ಮರಳಿನಲ್ಲಿ ಹೂತಿಟ್ಟೆ. ಪಾರವ್ವ ನೋಡಿದಳು.

"ಅಜ್ಜಿ, ಇದೇನ್ರಿ, ಸೀಸಿ ಉಸುಕಿನ್ಯಾಗ ಹೂಳಾಕತ್ತೀರಿ?"

"ಹಬ್ಬದ ದಿನ ರಕ್ತಾನ ಹಾಲಿನ ಮೇಲೆ ಇಟ್ಕೊಳಕ್ಕಾಗತ್ತೇನೇ?"

"ಅಯ್ಯ ಶಿವನ! ಮುಟ್ಟಬ್ಯಾಡ್ರಿ ಅಂತ ಕೀರ್ತನಕ್ಕ ಹೇಳಿ ಹೋಗ್ಯಾರಲ್ರಿ."

"ಸುಮ್ನಿರೇ. ಅವಳು ಹುಟ್ಟೋ ಮುಂಚೆಯಿಂದ ನಾನು ಬೆಣ್ಣೆ ಇಡ್ತಿದ್ದಿದ್ದೇ ಇಲ್ಲಿ. ಒಂದು ದಿನಾನೂ ಕೆಟ್ಟಿಲ್ಲ."

ಸಂಜೆ ನೀನು ಬರುವ ಹೊತ್ತಿಗೆ ಒರೆಸಿ, ಇದ್ದ ಜಾಗದಲ್ಲೇ ಇಟ್ಟೆ.

ಯಾಕೆ ಹೇಳಲಿಲ್ಲ ಅಂತ ಕೇಳುತ್ತೀಯ. ಮೊದಲ ಸಲ ನೀನು ಕೇಳಿದಾಗ ಬೈಸಿಕೊಳ್ಳುವ ಭಯ. ನಿನ್ನ ಬೈಗುಳಕ್ಕಲ್ಲ. ಏನೂ ತಿಳಿಯದ ಮುದುಕಿ ಅಂತ ನಿನ್ನ ಮುಖದಲ್ಲಿ ಬರುವುದಕ್ಕೆ. ಎರಡನೇ ಸಲ, ಕಾವಲುಗಾರ ಇಲ್ಲ ಅಂತ ಬರೆದೆಯಲ್ಲ, ಆವಾಗ ಹೇಳಬೇಕಿತ್ತು. ಬೀಜ, ಬಟ್ಟೆ ಅಂತ ಸುತ್ತು ಬಳಸಿ ಬರೆದೆ. ನೀನೇ ಕಂಡುಹಿಡಿದುಕೊಂಡರೆ ನಾನು ಹೇಳುವುದು ತಪ್ಪುತ್ತದೆ ಅಂತ. ಇನ್ನೂ ಒಂದಿದೆ. ಸೀಸೆ ಕೆಟ್ಟಿತ್ತು ಅಂದರೆ ನೀನು ಒಳ್ಳೆಯ ಸೀಸೆ ತಂದು ಮತ್ತೆ ನೋಡುತ್ತೀಯ. ಆವಾಗಲೂ ಖಾಲಿ ಬಂದರೆ ನನಗೆ ಹಿಡಿದುಕೊಳ್ಳಲು ಏನಿತ್ತು?

ಜನವರಿ ಹತ್ತಕ್ಕೆ ಬಾಯಿ ತೆಗೆಯಬೇಡ. ನಿಮ್ಮ ಸರ್ ಹತ್ತಿರ ಹೋಗಿ, ನಮ್ಮಜ್ಜಿ ಸುಳ್ಳಿ ಅಂತ ಹೇಳು. ಹೀಗೇ ಹೇಳು, ಮೆತ್ತಗೆ ಮಾಡಬೇಡ.

ಮುನಿತಾಯಮ್ಮ


ಹೈದರಾಬಾದ್
2-2-2004

ಅಜ್ಜಿಯವರಿಗೆ,

ಸಭೆಯಲ್ಲಿ ಮಾತಾಡಲಿಲ್ಲ. ಹೆಸರು ಹಿಂದಕ್ಕೆ ತೆಗೆದುಕೊಂಡೆ. ಹನ್ನೊಂದರಲ್ಲಿ ಚೆನ್ನಾಗಿ ಚುಕ್ಕೆ ಬಂದಿದ್ದ ಮೂರನ್ನು ಆರಿಸಿ, ಹೊಸ ಸೀಸೆಯದನ್ನು ಹಾಕಿದೆ. ಮೂರೂ ಖಾಲಿ. ಸೀಸೆ ಸತ್ತಿದೆ. ನೋಡದೆ ನಂಬಿದ್ದು ನನ್ನ ತಪ್ಪು, ಅದನ್ನು ನಿಮ್ಮ ಮೇಲೆ ಹಾಕುವುದಿಲ್ಲ.

ಆದರೆ ಪಂಚಾಕ್ಷರಿ ಸರ್ ಒಂದು ಮಾತು ಹೇಳಿದರು. ತಣ್ಣನೆಯ ಮರಳಿನಲ್ಲಿ ಒಂದು ಹಗಲು ಇದ್ದರೆ ಇದು ಇಷ್ಟು ಪೂರ್ತಿಯಾಗಿ ಸಾಯುವುದಿಲ್ಲವಂತೆ. ನೀವು ಬರೆದದ್ದರಲ್ಲಿ ಇನ್ನೂ ಏನೋ ಬಾಕಿ ಇದೆ. ಇರಲಿ, ನಾನು ಕೇಳುವುದಿಲ್ಲ.

ವಿದೇಶಕ್ಕೆ ಬರೆದಿದ್ದೇವೆ. ಇನ್ನೊಂದು ಸೀಸೆ ಏಪ್ರಿಲ್‌ನಲ್ಲಿ ಬರಬಹುದು. ಅದು ಬೇರೆಯವರಿಗೆ ಉಪಯೋಗಕ್ಕೆ ಬರುತ್ತದೆ. ಅಮ್ಮನದು ಮುಗಿಯಿತು. ಆಸ್ಪತ್ರೆಯವರು ಸೀಳಿ ಮಿಕ್ಕಿದ್ದೇ ಒಂದು ತೆಳು ಪದರ, ಐದು ಸಲ ಸೀಳಿದ್ದರಲ್ಲಿ ಅಷ್ಟೂ ಹೋಯಿತು. ಅಚ್ಚಿನಲ್ಲಿ ಈಗ ಇರುವುದು ಬರಿ ಮೇಣ. ಅವಳಲ್ಲಿ ಕಾವಲುಗಾರ ಇದ್ದನೋ ಇಲ್ಲವೋ ಇನ್ನು ಯಾರಿಗೂ ಗೊತ್ತಾಗುವುದಿಲ್ಲ.

ಅರುಣ್‌ಗೆ ನಿಜ ಬರೆದೆ. ಅವರಿಗೆ ನಿಜ ಬೇಕಿಲ್ಲ, ಖಾತ್ರಿ ಬೇಕಂತೆ.

ಸದ್ಯಕ್ಕೆ ನಾನು ಬರೆಯುವುದಿಲ್ಲ.

ಕೀರ್ತನಾ


ಹೇರೋಹಳ್ಳಿ
7-3-2004

ಕೀರ್ತನಾ,

ಬರೆಯುವುದಿಲ್ಲ ಅಂತ ನೀನು ಬರೆದು ತಿಂಗಳಾಯಿತು. ನಾನೂ ಬರೆಯಬಾರದು ಅಂತಿದ್ದೆ. ನನಗೆ ನಿನ್ನಷ್ಟು ಕಲ್ಲುಮನಸ್ಸಿಲ್ಲ.

ಬಾಕಿ ಇದ್ದದ್ದು ಇದು. ನಿಮ್ಮ ಸರ್ ಬುದ್ಧಿವಂತರು. ಆವತ್ತು ಮಧ್ಯಾಹ್ನ, ಹಬ್ಬಕ್ಕೆ ಹೊಸ ನೀರು ತುಂಬಬೇಕು ಅಂತ ಮಡಕೆ ಎತ್ತಿ ಮರಳು ಬದಲಾಯಿಸಿದೆ. ಸೀಸೆಯನ್ನು ಒಂದು ಗಳಿಗೆ ಅಂತ ಬಚ್ಚಲಮನೆ ಗೂಡಿನಲ್ಲಿಟ್ಟೆ. ಕೆಳಗೆ ಹಂಡೆ ಒಲೆ ಉರಿಯುತ್ತಿತ್ತು. ಸಂಜೆಯ ಬಾಗಿನಕ್ಕೆ ಅಂತ ಪಾರವ್ವ, ಅವಳ ತಂಗಿ, ನಾನು, ಎಲ್ಲರ ಎಣ್ಣೆಸ್ನಾನ. ಮರೆತೇಹೋಯಿತು. ನೆನಪಾದದ್ದು ಸಂಜೆ ನೀನು ಗೇಟು ತೆಗೆಯುವುದು ಕಂಡಾಗ. ಓಡಿಹೋಗಿ ಮುಟ್ಟಿದರೆ, ಈಗ ತಾನೆ ಒಲೆಯಿಂದಿಳಿಸಿದ ಲೋಟದ ಹಾಗೆ ಸುಡುತ್ತಿತ್ತು. ಸೆರಗಿನಲ್ಲಿ ಸುತ್ತಿ ಫ್ರಿಜ್ಜಿಗೆ ಹಾಕಿದೆ. ನೀನು ಚಪ್ಪಲಿ ಬಿಡುತ್ತ, "ಅಜ್ಜಿ, ನನ್ನ ಸೀಸೆ ಹುಷಾರಾಗಿದ್ಯಾ?" ಅಂದೆ. "ನಿನಗಿಂತ ಹುಷಾರಾಗಿದೆ ಬಾ" ಅಂದೆ. ಆ ಬಿಸಿಯನ್ನು ನನ್ನ ಬೆರಳಿನಿಂದ ತೊಳೆದುಕೊಳ್ಳಲು ಆಗಿಲ್ಲ ಕಣೇ. ಹಿಂದಿನ ಕಾಗದದಲ್ಲಿ ಮರಳು ಅಂತ ಬರೆದು ನಿಲ್ಲಿಸಿದೆ. ಮರಳು ಕೇಳಲು ಚೆನ್ನಾಗಿತ್ತು, ಪಾಪದ ಮುದುಕಿ ಅನ್ನಿಸುತ್ತಿತ್ತು.

ಯಶೋದೆ ಈಗ ಪೂರ್ತಿ ಹೋದಳು. ಎಡೆಯನ್ನು ಯಾವ ದಿಕ್ಕಿಗೆ ಇಡಲಿ ಅಂತ ಇನ್ನು ಕೇಳುವುದಿಲ್ಲ. ಮಿಕ್ಕಿದ್ದ ಉಗುರಿನಷ್ಟನ್ನು ಒಲೆಗೆ ಹಾಕಿದವಳು ನಾನೇ. ಕ್ಷಮಿಸು ಅಂತ ಬರೆದಿಲ್ಲ ಅನ್ನುವುದನ್ನು ಗಮನಿಸು. ಕೇಳುವ ಯೋಗ್ಯತೆ ನನಗೆ ಬಂದಾಗ ಕೇಳುತ್ತೇನೆ.

ಈಗ ಅಳು ನಿಲ್ಲಿಸಿ ನಾನು ಹೇಳುವುದನ್ನು ಓದು. ಯಾರಿಗೂ ಗೊತ್ತಾಗುವುದಿಲ್ಲ ಅಂತ ಬರೆದಿದ್ದೀಯ. ಇಷ್ಟೊಂದು ಓದಿದವಳಿಗೆ ಕಣ್ಣೆದುರಿಗೆ ಇರುವುದು ಕಾಣುವುದಿಲ್ಲವಾ? ಆ ನೂಲು ನನ್ನಿಂದ ಯಶೋದೆಗೆ, ಅವಳಿಂದ ನಿನಗೆ ಬಂತು ಅಂದವಳು ನೀನು. ನಡುವಿನವಳು ಹೋದಳು. ಈ ಕಡೆಯವಳು ನಾನು ಇನ್ನೂ ಇದ್ದೇನೆ. ಎಪ್ಪತ್ತೊಂದು ವರ್ಷ, ರಕ್ತ ಮಾತ್ರ ಬೇಕಾದಷ್ಟಿದೆ. ನಿನ್ನದನ್ನು ತೆಗೆಯಲು ಕೈ ಬಾರದಿದ್ದರೆ ಮೊದಲು ನನ್ನದನ್ನು ತೆಗೆ. ರಕ್ತ ಸಾಲದಿದ್ದರೆ ಒಂದು ಚೂರು ಮಾಂಸ ಕತ್ತರಿಸಿಕೋ, ಮೇಣದಲ್ಲಿಡು, ನಂಬರು ಅಂಟಿಸು. ನಾನು ಚೀರುವುದಿಲ್ಲ.

ಕಾವಲುಗಾರ ನನ್ನಲ್ಲಿ ಗಟ್ಟಿಯಾಗಿ ಇದ್ದಾನೆ ಅಂದರೆ, ನನ್ನಿಂದ ಬಂತು ಅಂದದ್ದನ್ನು ನೀನು ಹೈದರಾಬಾದಿನಿಂದ ಬಂದು ನನ್ನೆದುರು ನಿಂತು ವಾಪಸು ತೆಗೆದುಕೊಳ್ಳಬೇಕು. ಇಲ್ಲ ಅಂದರೆ, ನಾನು ಚಾಪೆ ಹಾಕಿಕೊಂಡು ಕೂತಿರುತ್ತೇನೆ, ಹೊಟ್ಟೆ ತುಂಬ ಬೈದುಹೋಗು. ಎರಡರಲ್ಲಿ ಯಾವುದಾದರೂ ಆಗಲಿ, ನೀನು ನಿನ್ನ ಕೈಗೆ ಸೂಜಿ ಚುಚ್ಚಿಕೊಳ್ಳುವಾಗ ಪಕ್ಕದಲ್ಲಿ ನಾನಿರಬೇಕು.

ಏಪ್ರಿಲ್‌ನಲ್ಲಿ ಬರುವ ಸೀಸೆಯನ್ನು ಈ ಮನೆಗೆ ತರಬೇಡ. ನಾನೇ ಅಲ್ಲಿಗೆ ಬರುತ್ತೇನೆ. ಪಾರವ್ವನ ಗಂಡ ರೈಲು ಹತ್ತಿಸುತ್ತಾನಂತೆ. ಮೊದಲು ನೂರು ಕಾಳು ಬಟ್ಟೆಯಲ್ಲಿ ಕಟ್ಟಿ ನೋಡು, ಆಮೇಲೆ ನನ್ನ ತೋಳು ಹಿಡಿ. ಯಾವ ದಿನ ಬರಬೇಕು, ಹೊಟ್ಟೆಗೆ ತಿಂದು ಬರಬೇಕಾ ಖಾಲಿಯಲ್ಲಿ ಬರಬೇಕಾ, ಅಷ್ಟನ್ನು ಬರಿ. ಬೇರೇನೂ ಬರೆಯಬೇಕಾಗಿಲ್ಲ. ನೀವು ಅಂತಲೇ ಬರಿ, ಬೇಜಾರಿಲ್ಲ. ಆದರೆ ಮುಂದಿನ ತಿಂಗಳು ಹುಟ್ಟುವುದರೊಳಗೆ ನಿನ್ನ ಉತ್ತರ ಈ ಗೇಟಿನೊಳಗೆ ಬಿದ್ದಿರಬೇಕು.

ಮುನಿತಾಯಮ್ಮ